ಕೊಟ್ಟವರ ಕೈಗೊಂದು ಪ್ರತಿ

ಒಂದೆರಡು ವರ್ಷದ ಹಿಂದೆ ಶಿಕ್ಷಕರ ತರಬೇತಿಯೊಂದರಲ್ಲಿ ಸಂಪನ್ಮೂಲ ವ್ಯಕ್ತಿಯಾಗಿ ಬಂದಿದ್ದ ತರುಣರೊಬ್ಬರು ಗೋಡೆಯ ಮೇಲೆ ಉದ್ದನೆಯದೊಂದು ಪಟ್ಟಿ ಮೂಡಿಸಿದರು. ಸಂಶೋಧನೆಗೆ ಈ ತಂತ್ರಾಂಶ, ಹಾಡು ಧ್ವನಿಮುದ್ರಿಸಲು ಇದು, ಫೋಟೋ ಇಡಲು ಈ ಜಾಲತಾಣ ಎಂದು ಒಂದೇ ಸಮನೆ ಹೆಸರುಗಳು. ನಾವೆಲ್ಲ ಬರೆದುಕೊಂಡೆವು. ಬರೆಯಲು ಬೇಸರವಾದವರು ಮೊಬೈಲಿನಿಂದ ಗೋಡೆಯ ಫೋಟೋ ಹೊಡೆದುಕೊಂಡರು. “ಎಲ್ಲ ಉಚಿತ ಮೇಡಂ, ಹತ್ತು ನಿಮಿಷದಲ್ಲಿ ಕಲೀಬಹುದು” ಎಂದರು ಅವರು. ನಾನು ಎದ್ದುನಿಂತು, “ಸರ್, ಈ ಅಂಗಡಿಗಳು ಬಾಗಿಲು ಹಾಕಿದ ದಿನ ನಮ್ಮ ಸಾಮಾನು ಯಾರ ಹತ್ತಿರ ಇರ್ತದೆ?” ಎಂದು ಕೇಳಿದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅವರು ಒಳ್ಳೆಯ ಹುಡುಗ, ಸಿಟ್ಟಾಗಲಿಲ್ಲ. “ಅದೆಲ್ಲ ಕ್ಲೌಡಿನಲ್ಲಿ ಸೇಫಾಗಿರ್ತದೆ ಮೇಡಂ” ಎಂದು ಸಮಾಧಾನ ಹೇಳಿದರು.

ಯಲ್ಲಾಪುರದ ಸೀಮೆಯವರಿಗೆ ಮೋಡದ ಸಂಗತಿಯನ್ನು ಹೊರಗಿನವರು ಬಂದು ಹೇಳಬೇಕೇ? ನಮಗೆ ಮೋಡವೆಂದರೆ ಸುರಿದು ಖಾಲಿಯಾಗುವಂಥದ್ದು. ಅದರಲ್ಲಿ ಏನನ್ನಾದರೂ ಇಟ್ಟು ಮರೆಯಬಹುದೆಂದು ನಮ್ಮ ಹಿರಿಯರಾರೂ ನಂಬಿರಲಿಲ್ಲ. ನಾನು ನಂಬಿದ್ದೆ. ಅದಕ್ಕೇ ಈ ಬರಹ.

ನಾನು ಗಣಕ ತಜ್ಞೆಯಲ್ಲ. ಬಿ.ಎ., ಬಿ.ಇಡ್. ಮಾಡಿಕೊಂಡು ಸಿದ್ದಾಪುರದ ಕಡೆಯಿಂದ ಕಿರವತ್ತಿಗೆ ಬಂದು ಕನ್ನಡ, ಸಮಾಜ ಪಾಠ ಹೇಳುತ್ತ ಕೂದಲು ಬೆಳ್ಳಗಾದವಳು. ಕಿರವತ್ತಿ ಯಲ್ಲಾಪುರದಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿದೆ. ಬಸ್ಸಿನಲ್ಲಿ ಹೋಗುವವರು ಅರಣ್ಯ ಇಲಾಖೆಯ ನಾಟಾ ಡಿಪೋ ನೋಡಿ ಊರನ್ನು ಗುರುತು ಹಿಡಿಯುತ್ತಾರೆ. ಒಳಗೆ ಇಳಿದು ನಡೆದರೆ ಗೌಳಿವಾಡೆಗಳು, ಸಿದ್ದಿಯರ ಮನೆಗಳು, ಬಯಲುಸೀಮೆಯಿಂದ ಬಂದು ನೆಲೆಸಿದವರು. ನನ್ನ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಮರಾಠಿ, ಕೊಂಕಣಿ, ಉರ್ದು, ಧಾರವಾಡದ ಕನ್ನಡ ಇಷ್ಟೂ ಕೂತಿರುತ್ತವೆ. ಇಂಥ ಊರಿನಲ್ಲಿ ಪಾಠ ಹೇಳುವವಳಿಗೆ ಕಿವಿ ತೆರೆದುಕೊಳ್ಳದಿದ್ದರೆ ಅದು ಅವಳ ದುರದೃಷ್ಟ.

2012ರಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜಿಯ ಹಾಡುಗಳನ್ನು ಧ್ವನಿಮುದ್ರಿಸಿಕೊಂಡೆ. ಗೌಳಿಗರ ಮುದುಕಿ. ಎಮ್ಮೆ ಕಟ್ಟಿ, ಹಾಲು ಮಾರಿ ನಾಲ್ಕು ಮಕ್ಕಳನ್ನು ಸಾಕಿದವಳು. ದಸರೆಯಲ್ಲಿ ಗೌಳಿವಾಡೆಯ ಹೆಂಗಸರು ಫುಗಡಿ ಆಡುವಾಗ ಮುಂದಾಳಾಗಿ ಹೇಳುತ್ತಿದ್ದವಳು. ಬೀಸುವ ಕಲ್ಲಿನ ಪದಗಳಂತೂ ಅವಳಲ್ಲಿ ಎಷ್ಟಿದ್ದವೋ. ಅವರ ಮನೆಮಾತು ಮರಾಠಿಯ ಒಂದು ಬಗೆ. ನನಗೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧವನ್ನು ಮೊಮ್ಮಗಳು ಹೇಳಿಕೊಡುತ್ತಿದ್ದಳು. ಸುಮಾರು ಮುಕ್ಕಾಲು ಗಂಟೆ ಹಾಡಿ ಮುಗಿಸಿದ ಮೇಲೆ ಮುದುಕಿ ನನ್ನ ಫೋನನ್ನು ತಿರುಗಿಸಿ ನೋಡಿ, “ಅಕ್ಕೋರೆ, ಇದ್ರಾಗ ನನ್ನ ದನಿ ಎಷ್ಟು ದಿನ ಇರ್ತತ್ರೀ?” ಎಂದು ಕೇಳಿದಳು. “ನೀನು ಹೋದ ಮೇಲೂ ಇರ್ತದೆ ಅಜ್ಜಿ” ಎಂದುಬಿಟ್ಟೆ. ದೊಡ್ಡ ಮಾತು ಹೇಳುವುದು ನಮ್ಮ ವೃತ್ತಿಯ ರೋಗ.

ಆಗಿನ ಫೋನುಗಳು ಧ್ವನಿಯನ್ನು ಎಎಂಆರ್ ಎಂಬ ರೂಪದಲ್ಲಿ ಉಳಿಸುತ್ತಿದ್ದವು. ಅದು ಟೆಲಿಫೋನಿನಲ್ಲಿ ಮಾತು ತಿಳಿಯಲೆಂದು ಮಾಡಿದ ವ್ಯವಸ್ಥೆ, ಹಾಡಿಗಲ್ಲ. ಮೇಲಿನ ಸ್ವರಗಳೆಲ್ಲ ಸೋಸಿಹೋಗುತ್ತವೆ. ಅದು ನನಗೆ ತಿಳಿದಿರಲಿಲ್ಲ. ಫೋನಿನ ಜಾಗ ತುಂಬಿದಾಗ ಯಾರೋ ಹೇಳಿದರೆಂದು ಹಾಡುಗಳನ್ನು ಉಚಿತವಾಗಿ ಇಟ್ಟುಕೊಳ್ಳುವ ಜಾಲತಾಣವೊಂದಕ್ಕೆ ಅವನ್ನು ಏರಿಸಿ, ಫೋನಿನಲ್ಲಿದ್ದುದನ್ನು ಅಳಿಸಿದೆ. ಕೆಲವು ವರ್ಷಗಳ ನಂತರ ಆ ತಾಣ ಮುಚ್ಚಿತು. ಮುಚ್ಚುವ ಮುನ್ನ ಎಚ್ಚರಿಕೆಯ ಪತ್ರ ಕಳಿಸಿದ್ದರಂತೆ. ನಾನು ತೆರೆಯುವುದನ್ನೇ ಬಿಟ್ಟಿದ್ದ ಹಳೆಯ ಮಿಂಚಂಚೆಯ ವಿಳಾಸಕ್ಕೆ ಅದು ಬಂದು ಬಿದ್ದಿತ್ತು. ತಪ್ಪು ನನ್ನದೂ ಹೌದು, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅಜ್ಜಿ 2017ರಲ್ಲಿ ತೀರಿಕೊಂಡಳು. ಮೊಮ್ಮಗಳು ಮದುವೆಯಾಗಿ ಹೋದವಳು 2022ರಲ್ಲಿ ತನ್ನ ಕೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು. “ಅಕ್ಕೋರೆ, ಅಜ್ಜಿ ಪದ ನಿಮ್ಮ ಹತ್ರ ಅದಾವಲ್ಲ, ಒಂದೀಟು ಕೇಳಸ್ರಿ” ಎಂದಳು.

ಹಾಡಿನ ಮಾತುಗಳನ್ನು ಅಂದೇ ಕನ್ನಡ ಲಿಪಿಯಲ್ಲಿ ಬರೆದು, ಪೇಟೆಯ ಡಿ.ಟಿ.ಪಿ. ಅಂಗಡಿಯಲ್ಲಿ ಬೆರಳಚ್ಚು ಮಾಡಿಸಿ, ಕಡತವನ್ನು ಪೆನ್‌ಡ್ರೈವಿನಲ್ಲಿ ಇಟ್ಟಿದ್ದೆ. ಅದನ್ನಾದರೂ ಕೊಡೋಣವೆಂದು ತೆರೆದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಕೊಂಬು, ಸೊನ್ನೆಗಳ ಕಲಸುಮೇಲೋಗರ. ಹಳೆಯ ಕನ್ನಡ ಅಕ್ಷರಶೈಲಿಗಳ ಗುಟ್ಟು ಅದು. ಒಳಗೆ ಇರುವುದು ಇಂಗ್ಲಿಷಿನ ಸಂಕೇತಗಳೇ, ಮೇಲೆ ಮಾತ್ರ ಕನ್ನಡದ ವೇಷ. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ವೇಷ ಕಳಚುತ್ತದೆ. ಯೂನಿಕೋಡ್ ಎಂಬ ಜಗತ್ತಿನ ಸಂಕೇತಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಸಾಮಾನ್ಯರ ಗಣಕಕ್ಕೂ ಅದು ಇಳಿಯಿತು. ಆದರೂ ಇಂದಿನವರೆಗೆ ಎಷ್ಟೋ ಅಂಗಡಿಗಳು ಹಳೆಯ ವೇಷವನ್ನೇ ಹಾಕುತ್ತಿವೆ. (ಈ ಪುಸ್ತಕವನ್ನು ಅಚ್ಚು ಮಾಡುವವರು ಬೇಸರಿಸಬಾರದು, ಆದರೆ ತಮ್ಮ ಗಣಕವನ್ನೊಮ್ಮೆ ನೋಡಿಕೊಳ್ಳಬೇಕು.) ಪುಣ್ಯಕ್ಕೆ ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಶಾಲೆಯ ಹುಡುಗನೊಬ್ಬ ಒಂದು ಸಂಜೆ ಕೂತು ತಿರುಗಿಸಿಕೊಟ್ಟ. ಒತ್ತಕ್ಷರ ಕೆಲವು ಹಾಳಾಗಿದ್ದವು, ತಿದ್ದಿದೆ. ಮಾತು ಬಂತು. ದನಿ ಬರಲಿಲ್ಲ.

ನನ್ನ ಹೊಟ್ಟೆ ಉರಿಯುವ ಇನ್ನೊಂದು ಸಂಗತಿಯನ್ನೂ ಹೇಳಬೇಕು. 1993ರಲ್ಲಿ, ನನ್ನ ಮದುವೆಯ ಮುಂಚಿನ ದಿನ, ಅಮ್ಮ ಮತ್ತು ದೊಡ್ಡಮ್ಮ ಹೇಳಿದ ಹಾಡುಗಳನ್ನು ಭಾವ ಒಂದು ಕ್ಯಾಸೆಟ್ಟಿನಲ್ಲಿ ತುಂಬಿಸಿದ್ದ. ಆ ಕ್ಯಾಸೆಟ್ಟು ಮಳೆಗಾಲಗಳಲ್ಲಿ ಬೂಸ್ಟು ಹಿಡಿದು, ಮೂರು ಮನೆ ಬದಲಾಗಿ, ಮಕ್ಕಳ ಕೈಯಲ್ಲಿ ಎರಡು ಸಲ ಟೇಪು ಹೊರಬಂದು, ಪೆನ್ಸಿಲಿನಿಂದ ಸುತ್ತಿಸಿಕೊಂಡು ಇಂದಿಗೂ ಹಾಡುತ್ತಿದೆ. ಹತ್ತೊಂಬತ್ತು ವರ್ಷದ ನಂತರದ ‘ಮುಂದುವರಿದ’ ಧ್ವನಿಮುದ್ರಣ ಹೇಳಹೆಸರಿಲ್ಲದೆ ಹೋಗಿದೆ. ಕ್ಯಾಸೆಟ್ಟು ಉತ್ತಮ ಯಂತ್ರವೆಂದು ನಾನು ಹೇಳುತ್ತಿಲ್ಲ. ಅದು ನಮ್ಮ ಮನೆಯ ನಾಗಂದಿಗೆಯ ಮೇಲಿತ್ತು. ವ್ಯತ್ಯಾಸ ಅಷ್ಟೇ.

ಆಗಿನಿಂದ ನಾನು ಪಟ್ಟಿಗಳನ್ನು ಕಂಡರೆ ಸಿಡಿಮಿಡಿಗೊಳ್ಳುತ್ತೇನೆ. ಅವುಗಳಲ್ಲಿ ಉಪಕರಣ ಮತ್ತು ಅಂಗಡಿ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಕತ್ತಿ ನಮ್ಮ ಮನೆಯಲ್ಲಿದ್ದರೆ ಕಮ್ಮಾರ ಊರು ಬಿಟ್ಟರೂ ಸೊಪ್ಪು ಕೊಯ್ಯಬಹುದು. ಅಂಗಡಿಯವನ ಕಪಾಟಿನಲ್ಲಿ ಇಟ್ಟ ಒಡವೆ ಹಾಗಲ್ಲ. ಉದಾಹರಣೆ ಬೇಕಾದವರಿಗೆ ಕೊರತೆಯಿಲ್ಲ. ಮೈಸ್ಪೇಸ್ ಎಂಬ ಜಾಲತಾಣ ಒಂದು ಕಾಲಕ್ಕೆ ಜಗತ್ತಿನ ಹಾಡುಗಾರರ ಜಾತ್ರೆಯಾಗಿತ್ತು. 2016ಕ್ಕೆ ಮೊದಲು ಜನ ಏರಿಸಿದ್ದ ಹಾಡು, ಫೋಟೋ, ವಿಡಿಯೋಗಳು ಯಂತ್ರ ಬದಲಿಸುವಾಗ ಕಳೆದುಹೋದವೆಂದು 2019ರಲ್ಲಿ ಅದು ತಣ್ಣಗೆ ಹೇಳಿತು. ಐದು ಕೋಟಿಗೂ ಹೆಚ್ಚು ಹಾಡುಗಳು ಎಂದು ಆಗ ವರದಿಯಾಯಿತು. ಯಾರೋ ಸಂಶೋಧಕರು ತಮ್ಮ ಅಭ್ಯಾಸಕ್ಕೆಂದು ಮೊದಲೇ ಪ್ರತಿ ಮಾಡಿಟ್ಟುಕೊಂಡಿದ್ದ ಸುಮಾರು 4.9 ಲಕ್ಷ ಹಾಡುಗಳು ಮಾತ್ರ ಆಮೇಲೆ ಇಂಟರ್ನೆಟ್ ಆರ್ಕೈವಿನಲ್ಲಿ ಸಿಕ್ಕವು. ಫೋಟೋ ಜೋಡಿಸುವ ಪಿಕಾಸಾವನ್ನು ನಮ್ಮಲ್ಲಿ ಎಷ್ಟು ಜನ ಕಲಿತಿದ್ದರು! ಗೂಗಲ್ 2016ರಲ್ಲಿ ಅದನ್ನು ನಿಲ್ಲಿಸಿತು. ಫ್ಲಿಕರ್ 2019ರಿಂದ ಉಚಿತ ಖಾತೆಗೆ ಸಾವಿರ ಫೋಟೋ ಎಂಬ ಮಿತಿ ಹಾಕಿತು. ಗೂಗಲ್ ಫೋಟೋಸಿನಲ್ಲಿ ಎಷ್ಟು ಬೇಕಾದರೂ ಇಡಿ ಎಂಬ ಔದಾರ್ಯ 2021ರ ಜೂನ್ 1ಕ್ಕೆ ಮುಗಿಯಿತು. ಇವರನ್ನು ಬೈಯುವುದು ನನ್ನ ಉದ್ದೇಶವಲ್ಲ. ವ್ಯಾಪಾರಿ ವ್ಯಾಪಾರ ಮಾಡುತ್ತಾನೆ. ನಾವು ಅವನ ಜಗುಲಿಯನ್ನು ನಮ್ಮ ಉಗ್ರಾಣವೆಂದು ತಿಳಿದದ್ದು ಯಾರ ತಪ್ಪು?

ಹಾಗಾದರೆ ಯಾವುದನ್ನು ಕಲಿಯಬೇಕು? ನಾನು ಕಲಿತ ಕೆಲವನ್ನಷ್ಟೇ ಹೇಳುತ್ತೇನೆ.

ಧ್ವನಿಗೆ ಆಡಾಸಿಟಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2000ದಲ್ಲಿ ಹೊರಬಂದದ್ದು, ಬಳಸಲು ಹಣ ಬೇಡ, ಸಾಧಾರಣ ಗಣಕದಲ್ಲೂ ಓಡುತ್ತದೆ. ಕ್ಯಾಸೆಟ್ ಪ್ಲೇಯರಿನ ಹೆಡ್‌ಫೋನ್ ತೂತಿನಿಂದ ಗಣಕದ ಧ್ವನಿಯ ತೂತಿಗೆ ಒಂದು ತಂತಿ, ಕೆಂಪು ಗುಂಡಿ ಒತ್ತಿದರೆ ಆಯಿತು. ಧ್ವನಿಯ ಮಟ್ಟ ತೋರಿಸುವ ಪಟ್ಟಿ ಕೊನೆ ಮುಟ್ಟದಂತೆ ನೋಡಿಕೊಳ್ಳಬೇಕು. ಮುಟ್ಟಿದರೆ ದನಿ ಒಡೆಯುತ್ತದೆ, ಒಡೆದದ್ದನ್ನು ಯಾರೂ ಕೂಡಿಸಲಾರರು. ಅಮ್ಮನ ಕ್ಯಾಸೆಟ್ಟನ್ನು ಹೀಗೆ ಇಳಿಸಿದೆ. ಹಾಡಿಲ್ಲದ ಜಾಗದ ‘ಸುಂಯ್’ ಸದ್ದನ್ನು ತೋರಿಸಿಕೊಟ್ಟರೆ ಅದೇ ಸದ್ದನ್ನು ಹಾಡಿನಿಂದಲೂ ತೆಗೆಯುವ ಉಪಾಯ ಅದರಲ್ಲಿದೆ. ನಾನು ಉಮೇದಿನಲ್ಲಿ ಎರಡೆರಡು ಸಲ ತೆಗೆದೆ. ಅಮ್ಮ ಬಾವಿಯ ತಳದಿಂದ ಹಾಡಿದಂತೆ ಕೇಳಿಸತೊಡಗಿತು! ಮೂಲವನ್ನು ಬೇರೆಯಾಗಿ ಉಳಿಸಿಕೊಂಡಿದ್ದರಿಂದ ಬಚಾವಾದೆ. ಈಗ ಆ ಸದ್ದನ್ನು ಹಾಗೇ ಬಿಟ್ಟಿದ್ದೇನೆ. ನಡುವೆ ಕೊಟ್ಟಿಗೆಯಿಂದ ಕರು ಕೂಗುತ್ತದೆ, ದೊಡ್ಡಮ್ಮ ಕೆಮ್ಮುತ್ತಾಳೆ, ಯಾರೋ “ಚಾ ಆತನೇ?” ಎಂದು ಕೇಳುತ್ತಾರೆ. ಅದನ್ನೆಲ್ಲ ತೆಗೆದರೆ ಉಳಿಯುವುದೇನು?

ಉಳಿಸುವಾಗ ವೇವ್ ರೂಪದಲ್ಲಿ ಉಳಿಸಬೇಕು. ಎಂಪಿ3 ಹಂಚಲು ಚೆಂದ, ಕಾಪಿಡಲು ಅಲ್ಲ. ಕಡತ ಚಿಕ್ಕದಾಗಲೆಂದು ಅದು ಧ್ವನಿಯ ಒಂದಷ್ಟು ಭಾಗವನ್ನು ಎಸೆದೇ ಬಿಡುತ್ತದೆ. ಸಿ.ಡಿ.ಯ ಗುಣಮಟ್ಟದಲ್ಲಿ ಒಂದು ಗಂಟೆಯ ಹಾಡಿಗೆ ಸುಮಾರು 635 ಎಂಬಿ ಬೇಕು. 32 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ನಲವತ್ತೈದು ಗಂಟೆಗೂ ಹೆಚ್ಚು ಹಾಡು ಹಿಡಿಯುತ್ತದೆ. ಒಂದು ವಾಡೆಯ ಎಲ್ಲ ಮುದುಕಿಯರೂ ಅದರಲ್ಲಿ ಕೂತಾರು. ಜಾಗವಿಲ್ಲವೆಂಬ ನೆಪ ಹೇಳುವ ಕಾಲ ಮುಗಿಯಿತು.

ಆಡಾಸಿಟಿಯನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. 2021ರಲ್ಲಿ ಮ್ಯೂಸ್ ಗ್ರೂಪ್ ಎಂಬ ಕಂಪನಿ ಅದನ್ನು ತನ್ನದಾಗಿಸಿಕೊಂಡಿತು, ಬಳಸುವವರ ಮಾಹಿತಿಯ ಬಗ್ಗೆ ಹೊರಡಿಸಿದ ಪ್ರಕಟಣೆಗೆ ಆಗ ದೊಡ್ಡ ಗದ್ದಲವೂ ಆಯಿತು. ನಾಳೆ ಅದು ಕೆಟ್ಟರೂ ನನಗೆ ನಷ್ಟವಿಲ್ಲ. ಅದರ ಮೂಲಪಾಠ ಬಹಿರಂಗವಾಗಿದೆ, ಬೇರೆಯವರು ಮುಂದುವರಿಸಬಹುದು. ನನ್ನ ವೇವ್ ಕಡತವಂತೂ ಬೇರೆ ಹತ್ತು ತಂತ್ರಾಂಶಗಳಲ್ಲಿ ತೆರೆಯುತ್ತದೆ. ಯಾವುದೇ ಉಪಕರಣವನ್ನು ಕಲಿಸುವ ಮುನ್ನ ಮಾಸ್ತರುಗಳು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಇದರಿಂದ ಹೊರಗೆ ಬರುವ ದಾರಿ ಎಲ್ಲಿದೆ?

ಫೋಟೋದ ವಿಷಯ ಇನ್ನೂ ಸರಳ. ಹಿಂದೆ ಫೋಟೋದ ಬೆನ್ನಿಗೆ ಪೆನ್ಸಿಲಿನಲ್ಲಿ ಹೆಸರು, ತಾರೀಕು ಬರೆಯುತ್ತಿದ್ದೆವು. ಗಣಕದ ಫೋಟೋಕ್ಕೂ ಬೆನ್ನಿದೆ. ಕ್ಯಾಮರಾ ಅಲ್ಲಿ ತಾರೀಕು, ಸಮಯ ಬರೆಯುತ್ತದೆ. ಡಿಜಿಕ್ಯಾಮ್‌ನಂಥ ಉಚಿತ ತಂತ್ರಾಂಶದಲ್ಲಿ ನಾವೂ ಹೆಸರು, ಊರು, ಸಂದರ್ಭಗಳನ್ನು ಆ ಕಡತದೊಳಗೇ ಬರೆದಿಡಬಹುದು. ಅದೇ ಫೋಟೋವನ್ನು ವಾಟ್ಸಪ್ಪಿನಲ್ಲಿ ಮಾಮೂಲಿಯಂತೆ ಕಳಿಸಿ ನೋಡಿ. ಚಿತ್ರ ಕುಗ್ಗುತ್ತದೆ, ಬೆನ್ನಿನ ಬರಹವೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ. ಇದನ್ನು ಹೇಳಿಕೊಡಲು ಎರಡು ನಿಮಿಷ ಸಾಕು, ಯಾವ ತರಬೇತಿಯಲ್ಲಿಯೂ ನನಗೆ ಯಾರೂ ಹೇಳಿಕೊಡಲಿಲ್ಲ.

ಸಂಶೋಧನೆ ಎಂದೊಡನೆ ನಮ್ಮವರು ಅದು ಪಿಎಚ್.ಡಿ. ಮಾಡುವವರ ಪಾಡು ಎಂದು ಕೈಬಿಡುತ್ತಾರೆ. ಊರಿನ ಚರಿತ್ರೆಯನ್ನು ಸ್ಮರಣ ಸಂಚಿಕೆಗಳಿಗೆ ಬರೆಯುವವರು ಮಾತ್ರ ನಾವೇ! ‘ಹಿರಿಯರು ಹೇಳುವ ಪ್ರಕಾರ’ ಎಂದು ಶುರುಮಾಡುತ್ತೇವೆ. ಯಾವ ಹಿರಿಯರು, ಯಾವಾಗ ಹೇಳಿದರು? 1883ರ ಕೆನರಾ ಗ್ಯಾಝೆಟಿಯರ್ ಇಂದು ಇಂಟರ್ನೆಟ್ ಆರ್ಕೈವಿನಲ್ಲಿ ಯಾರಾದರೂ ಓದಬಹುದಾದಂತೆ ಇದೆ. ಬೊಂಬಾಯಿಯ ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ. ಝೊಟೇರೊ ಎಂಬ ತಂತ್ರಾಂಶ 2006ರಲ್ಲಿ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸಕಾರರು ತಂದದ್ದು. ಓದಿದ ಪುಸ್ತಕ, ಪುಟ, ನಮ್ಮ ಟಿಪ್ಪಣಿ ಎಲ್ಲವನ್ನೂ ಒಂದೆಡೆ ಇಡುತ್ತದೆ. ಅವರ ಯಂತ್ರದಲ್ಲಿ ಉಚಿತ ಜಾಗ 300 ಎಂಬಿ ಮಾತ್ರ, ನಮ್ಮ ಗಣಕದಲ್ಲೇ ಇಟ್ಟುಕೊಂಡರೆ ಮಿತಿ ಇಲ್ಲ. ನಾನು ಅದರಲ್ಲಿ ಪುಸ್ತಕಗಳ ಜೊತೆ ಮುದುಕಿಯರನ್ನೂ ಸೇರಿಸಿದ್ದೇನೆ. ಹಾಡಿದವರ ಹೆಸರು, ವಾಡೆ, ದಿನ, ಯಾರು ಅರ್ಥ ಹೇಳಿದರು ಎಂಬಷ್ಟು. ನೆದರ್ಲೆಂಡ್ಸಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಹಂಚುವ ಎಲಾನ್ ಎಂಬುದಂತೂ ನಮ್ಮಂಥ ಊರಿಗೆಂದೇ ಮಾಡಿದಂತಿದೆ. ಧ್ವನಿಯ ಕೆಳಗೆ ಒಂದು ಸಾಲಿನಲ್ಲಿ ಗೌಳಿಯರ ಮಾತು, ಅದರ ಕೆಳಗೆ ಕನ್ನಡದ ಅರ್ಥ, ಯಾವ ಮಾತು ಎಷ್ಟನೆಯ ಕ್ಷಣದಲ್ಲಿ ಬಂತು ಎಂಬುದರ ಸಮೇತ. ಅದನ್ನು ಕಲಿಯಲು ಮಾತ್ರ ಹತ್ತು ನಿಮಿಷ ಸಾಲದು. ನನಗೆ ಎರಡು ದಸರೆ ರಜೆ ಹಿಡಿಯಿತು.

ಇನ್ನು ಹೊರಗಿನಿಂದ ಬರುವವರ ವಿಷಯ. ನಮ್ಮ ಜಿಲ್ಲೆಯ ಹಾಡು-ಕಥೆಗಳನ್ನು ಎಲ್.ಆರ್. ಹೆಗಡೆ, ಎನ್.ಆರ್. ನಾಯಕ, ಶಾಂತಿ ನಾಯಕ ಮೊದಲಾದವರು ಮನೆ ಬಾಗಿಲಿಗೆ ಹೋಗಿ, ಕೂತು, ಕೇಳಿ ಬರೆದುಕೊಂಡರು. ಅವರ ಋಣ ದೊಡ್ಡದು. ಅಂಕೋಲೆಯ ಹಾಲಕ್ಕಿ ಅಜ್ಜಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು, ಅವರ ದನಿ ಉಳಿದಿದೆ. ಎಲ್ಲ ಅಜ್ಜಿಯರಿಗೂ ಆ ಭಾಗ್ಯವಿಲ್ಲ. ನಾನು ಕಂಡ ಹಾಗೆ, ಈಚಿನ ವರ್ಷಗಳಲ್ಲಿ ಗೌಳಿವಾಡೆಗೂ ಸಿದ್ದಿಯರ ಕೇರಿಗೂ ದೊಡ್ಡ ದೊಡ್ಡ ಕ್ಯಾಮರಾ ಬರುತ್ತವೆ. ದಮಾಮಿ ಬಾರಿಸಿರಿ, ಕುಣಿಯಿರಿ, ಬೀಸುವ ಕಲ್ಲು ಹೊರಗೆ ತನ್ನಿ, ಬೆಳಕು ಇಲ್ಲಿ ಚೆನ್ನಾಗಿದೆ ಎನ್ನುತ್ತಾರೆ. ಸಂಜೆಗೆ ಗಾಡಿ ಹೊರಟಿತೆಂದರೆ ಮುಗಿಯಿತು. ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ.

1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿಯಿಂದ ಹಾಡುವವರಿಗೂ ಕುಣಿಯುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕು ಬಂದಿದೆ. ಈಗ ಅದರ ಅವಧಿ 50 ವರ್ಷ. ಹಾಡಿದವರ ಹೆಸರು ಹೇಳಬೇಕೆನ್ನುವ ಹಕ್ಕು 2012ರಲ್ಲಿ ಸೇರಿತು. ‘ಪ್ರದರ್ಶಕ’ ಎಂಬ ಮಾತಿಗೆ ಕಾಯ್ದೆ ಕೊಡುವ ಅರ್ಥದಲ್ಲಿ ಗಾಯಕ, ನರ್ತಕ, ಹಾವಾಡಿಗ, ಉಪನ್ಯಾಸ ಕೊಡುವವರು ಎಲ್ಲ ಇದ್ದಾರೆ. ಹಾವಾಡಿಗನ ಪಕ್ಕದಲ್ಲೇ ನನಗೂ ಜಾಗವಿದೆಯೆಂದು ತಿಳಿದು ನಕ್ಕಿದ್ದೆ. ನಿಜವಾದ ಬೋಧನೆಗೂ ಸಂಶೋಧನೆಗೂ ಕಾಯ್ದೆ ವಿನಾಯಿತಿ ಕೊಡುತ್ತದೆ, ಅದೂ ಸರಿಯೇ. ಆದರೆ ವಿನಾಯಿತಿ ಇರುವುದು ಕೇಳದೆ ಬಳಸಲು, ಕೊಟ್ಟವರಿಗೆ ಪ್ರತಿ ಕೊಡದಿರಲು ಅಲ್ಲ. ಒಂದು ಪೆನ್‌ಡ್ರೈವಿನ ಬೆಲೆ ಎಷ್ಟು? ಅವರು ಕುಡಿದ ನೀರಿನ ಬಾಟಲಿಗಳ ಖರ್ಚು ಅದಕ್ಕಿಂತ ಹೆಚ್ಚಾಗಿರುತ್ತದೆ.

ಎಲ್ಲವನ್ನೂ ಜಗತ್ತಿಗೆ ತೆರೆದಿಡಿ ಎನ್ನುವ ಉದಾರಿಗಳ ಜೊತೆಗೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ವಿಕಿಮೀಡಿಯ ಕಾಮನ್ಸಿಗೆ ನಮ್ಮೂರಿನ ಕೆರೆ, ಮರ, ಡಿಪೋಗಳ ಫೋಟೋ ಏರಿಸಲು ಮಕ್ಕಳಿಗೆ ನಾನೇ ಹೇಳಿಕೊಟ್ಟಿದ್ದೇನೆ. ಆದರೆ ಅಲ್ಲಿಟ್ಟದ್ದನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸಬಹುದು. ಕೆರೆಗೆ ಅದರಿಂದ ಬೇಸರವಿಲ್ಲ. ಸೊಸೆಯ ಮೇಲಿನ ಸಿಟ್ಟನ್ನು ಬೀಸುವ ಕಲ್ಲಿಗೆ ಹೇಳಿಕೊಂಡ ಮುದುಕಿಯ ಪದ ಹಾಗಲ್ಲ. ಅದನ್ನು ಎಲ್ಲಿಡಬೇಕೆಂದು ಅವಳನ್ನೇ ಕೇಳಬೇಕು. ಅವಳು ಬೇಡವೆಂದರೆ ಅವಳ ಮನೆಯ ಟ್ರಂಕಿನಲ್ಲಿ, ಶಾಲೆಯ ಕಪಾಟಿನಲ್ಲಿ, ನನ್ನ ಮನೆಯಲ್ಲಿ ಒಂದೊಂದು ಪ್ರತಿ ಇರಲಿ. ಮೂರು ಕಡೆ ಇದ್ದದ್ದು ಒಂದೇ ದಿನ ಹೋಗುವುದು ಕಷ್ಟ.

“ಅಕ್ಕೋರೆ, ಪಾಠ ಮುಗಿಸೋದೇ ಸಾಕಾಗ್ತದೆ, ಇದೆಲ್ಲ ಯಾವಾಗ?” ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಕರೆಂಟು ಇರುವುದಿಲ್ಲ, ಲ್ಯಾಬಿನ ಗಣಕಗಳಲ್ಲಿ ಅರ್ಧ ಕೆಟ್ಟಿವೆ, ಹೌದು. ಮೊಬೈಲೇ ಸಾಕಲ್ಲ ಎನ್ನುವವರಿಗೂ ಹೌದು ಎನ್ನುತ್ತೇನೆ. ಈಗಿನ ಮೊಬೈಲಿನ ಕಿವಿ ನನ್ನ 2012ರ ಫೋನಿಗಿಂತ ಎಷ್ಟೋ ಚುರುಕು. ವೇವ್ ರೂಪದಲ್ಲಿ ಉಳಿಸುವ ಉಚಿತ ರೆಕಾರ್ಡರುಗಳೂ ಸಿಗುತ್ತವೆ. ಕೆಟ್ಟಿರುವುದು ಯಂತ್ರವಲ್ಲ, ಮನೆಗೆ ಬಂದು ಪ್ರತಿ ಮಾಡಿ ಹೆಸರು ಬರೆದಿಡುವ ಅಭ್ಯಾಸ. ಹತ್ತು ಪಟ್ಟಿ ಹಂಚುವ ಬದಲು ಒಂದು ಕ್ಯಾಸೆಟ್ಟನ್ನು ಮಕ್ಕಳ ಎದುರು ಗಣಕಕ್ಕೆ ಇಳಿಸಿ ತೋರಿಸಲಿ, ಆ ತರಬೇತಿಗೆ ನಾನು ರಜೆಯ ದಿನವೂ ಹೋಗುತ್ತೇನೆ.

ಕೊನೆಗೆ ಒಂದು ಸುದ್ದಿ. ನನ್ನ ಧ್ವನಿಮುದ್ರಣಕ್ಕೆ ಎರಡು ವರ್ಷ ಮೊದಲು ನಗರದ ಸಂಸ್ಥೆಯೊಂದರಿಂದ ಬಂದಿದ್ದವರು ಇದೇ ಅಜ್ಜಿಯ ಪದಗಳನ್ನು ಒಳ್ಳೆಯ ಯಂತ್ರದಲ್ಲಿ ತುಂಬಿಸಿಕೊಂಡಿದ್ದರೆಂದು ಈಚೆಗೆ ಗೌಳಿವಾಡೆಯಲ್ಲಿ ತಿಳಿಯಿತು. ಎರಡು ಪತ್ರ ಬರೆದೆ, ಉತ್ತರವಿಲ್ಲ. ಫೋನು ಮಾಡಿದಾಗ, “ಇರಬಹುದು, ಹುಡುಕಬೇಕು, ಯಾವ ಉದ್ದೇಶಕ್ಕೆ ಬೇಕು?” ಎಂದರು. ಬೇಸಿಗೆ ರಜೆಯಲ್ಲಿ ನಾನೇ ಹೋಗುತ್ತೇನೆ. ಎರಡು ಪೆನ್‌ಡ್ರೈವ್ ತೆಗೆದಿಟ್ಟಿದ್ದೇನೆ. ಉದ್ದೇಶ ಕೇಳಿದರೆ ತೋರಿಸಲು ಮೊಮ್ಮಗಳನ್ನೂ ಅವಳ ಕೂಸನ್ನೂ ಜೊತೆಗೆ ಕರೆದುಕೊಂಡು ಹೋಗುವವಳಿದ್ದೇನೆ. ಅವಳು ಬರುತ್ತೇನೆಂದು ಒಪ್ಪಿದ್ದಾಳೆ. ಬೆಳಗಿನ ಹಾಲು ಹಾಕಿ ಬರಬೇಕಂತೆ, ಹಾಗಾಗಿ ಎಂಟರ ಬಸ್ಸು.